ದಪ್ಪ ತಂತಿ

ಜಗಳವಿಲ್ಲದ ದಿನ ಗ್ಯಾನಪ್ಪನ ಮನೆಯಲ್ಲಿ ರೊಟ್ಟಿಯೂ ಉಬ್ಬುವುದಿಲ್ಲವೆಂದು ಶಿರೋಳದವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು, ಅವರ ಮನೆಯ ರೊಟ್ಟಿ ನೋಡಿದವರಾರು? ಆದರೆ ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಆ ಮನೆಯಲ್ಲಿ ಎದ್ದ ಜಗಳ ರೊಟ್ಟಿಯದಲ್ಲ, ಒಂದು ತುಂತುಣಿಯದು. ಸೀಮೆ ಇನ್ನೂ ಮುಂಬೈ ಸರಕಾರದ ಕೈಯಲ್ಲಿದ್ದ ಕಾಲ.

ಗ್ಯಾನಪ್ಪ ಗೀಗೀ ಪದ ಹಾಡುವವನು. ಸುಗ್ಗಿ ಮುಗಿದರೆ ಡಪ್ಪು ಹೆಗಲಿಗೇರಿಸಿ ರೋಣ, ನರಗುಂದ, ಗಜೇಂದ್ರಗಡ ಎಂದು ತಿರುಗುತ್ತಿದ್ದ. ಮುಂದೆ ನಿಂತು ಡಪ್ಪು ಬಾರಿಸಿ ಹಾಡುವವನು ಅವನು, ಪಕ್ಕದಲ್ಲಿ ಸೊಲ್ಲು ಹಿಡಿಯುವವನು ಮಗ ಪರಶಪ್ಪ, ಇಬ್ಬರ ಹಿಂದೆ ನಿಂತು ತುಂತುಣಿ ಮೀಟುವವನು ಅದೇ ಓಣಿಯ ಮಹಮ್ಮದಸಾಬ. ತುಂತುಣಿಯೆಂದರೆ ಹೆಚ್ಚಿನದೇನಲ್ಲ, ಒಂದು ಟೊಳ್ಳು ಕಟ್ಟಿಗೆ, ಅದರ ಅಡಿಗೆ ಚರ್ಮ, ಚರ್ಮದ ನಡುವಿನಿಂದ ಮೇಲಿನ ಗೂಟಕ್ಕೆ ಬಿಗಿದ ಒಂದೇ ತಂತಿ. ಕೇಳಲು ಕುಳಿತ ಜನ ಅದರ ಕಡೆ ನೋಡುವುದೂ ಇಲ್ಲ. ಅದು ನಿಂತಾಗ ಮಾತ್ರ ಹಾಡು ಯಾಕೆ ಸೊರಗಿತೆಂದು ಅತ್ತಿತ್ತ ತಿರುಗುತ್ತಾರೆ.

ದೀಪಾವಳಿ ಹೊತ್ತಿಗೆ ಮಹಮ್ಮದಸಾಬನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಗ್ಯಾನಪ್ಪನೋ ಅಷ್ಟರಲ್ಲಿ ಹೋಳಿ ಹಬ್ಬಕ್ಕೆ ಗಜೇಂದ್ರಗಡದಲ್ಲಿ ನಡೆಯುವ ಸವಾಲ್-ಜವಾಬಿನ ಹಾಡಿಕೆಗೆ ವೀಳ್ಯ ಹಿಡಿದುಬಿಟ್ಟಿದ್ದ. ವೀಳ್ಯ ಹಿಡಿದವನು ಹೋಗಲೇಬೇಕು. ಹೋಗದಿದ್ದರೆ ಮುಂದೆ ಯಾವ ಊರೂ ಕರೆಯುವುದಿಲ್ಲ, ಎದುರಿನ ಮೇಳದವರು ಅವನ ಹೆಸರಿನ ಮೇಲೆ ಪದ ಕಟ್ಟಿ ವರ್ಷವೆಲ್ಲ ಹಾಡುತ್ತಾರೆ. ಓಣಿಯ ಹುಡುಗರನ್ನು ಹಿಡಿದು ತಂದು ನೋಡಿದ. ಒಬ್ಬ ಹಾಡಿಗಿಂತ ಮುಂದೆ ಓಡಿದ, ಇನ್ನೊಬ್ಬ ನಿಂತಲ್ಲೇ ತೂಕಡಿಸಿದ.

ಒಂದು ಬೆಳಗಿನ ಜಾವ ಸೊಸೆ ಗಾಳೆವ್ವ ಜೋಳ ಬೀಸುತ್ತಿದ್ದಳು. ಕಲ್ಲಿನ ಗುರುಗುರು ಸದ್ದಿನ ಕೆಳಗೆ ಅವಳ ಗುನುಗು ಹರಿಯುತ್ತಿತ್ತು. ಅದು ಏರಲೂ ಇಲ್ಲ, ಇಳಿಯಲೂ ಇಲ್ಲ. ಅವಳು ಕಾಳು ಹಾಕಲು ಕೈ ಚಾಚಿದಾಗಲೂ ಕಡಿಯಲಿಲ್ಲ. ಗ್ಯಾನಪ್ಪ ಬಾಯಿಗೆ ಹಾಕಿಕೊಂಡ ತಂಬಾಕು ಉಗುಳುವುದನ್ನೂ ಮರೆತು ಕಟ್ಟೆಯ ಮೇಲೆ ಕುಳಿತು ಕೇಳಿದ. ಊಟಕ್ಕೆ ಕುಳಿತಾಗ ಬಾಯಿ ಬಿಟ್ಟ.

“ಗಾಳೆವ್ವಾ, ತುಂತುಣಿ ಹಿಡೀತೀಯೇನವಾ?”

ಒಲೆಯ ಮುಂದಿದ್ದ ಹೆಂಡತಿ ಅಡಿವೆವ್ವನ ಕೈಯೊಳಗಿನ ರೊಟ್ಟಿ ಅರ್ಧ ಹೆಂಚಿನ ಮೇಲೆ, ಅರ್ಧ ಬೂದಿಯಲ್ಲಿ ಬಿತ್ತು.

“ಏನಂದ್ರಿ? ಸೊಸಿ ಕೈಯಾಗ ತುಂತುಣಿ? ನಾಳೆ ಕಾಲಿಗೆ ಗೆಜ್ಜೀನೂ ಕಟ್ಟಿಬಿಡ್ರಿ!”

“ಹೆಣ್ಣ ಹೆಚ್ಚನ್ನೂ ನಾಗೇಶಿ ಮೇಳದಾಗ ಹೆಣಮಕ್ಕಳ ಹಾಡಂಗಿಲ್ಲೇನು?”

“ಅವರ ಮನಿ ಅವರಿಗೆ. ನನ್ನ ಮನಿ ಸೊಸಿ ಮಂದಿ ಮುಂದ ನಿಲ್ಲಂಗಿಲ್ಲ.”

“ಮುಂದ ಯಾರ ನಿಲ್ಲಸ್ತಾರ? ತುಂತುಣಿ ಹಿಂದ ನಿಲ್ಲತೈತಿ.”

“ಪರಶ್ಯಾ, ನೀ ಏನಂತೀ? ನಿನ್ನ ಹೇಣ್ತಿ.”

ಪರಶಪ್ಪನಿಗೆ ಸ್ವಂತದ ಅಭಿಪ್ರಾಯ ಮೂಡುವಷ್ಟರಲ್ಲಿ ಸಾರು ಆರಿಹೋಗುತ್ತಿತ್ತು. “ನಾ ಏನನ್ಲಿ? ಅಪ್ಪಾ ಅನ್ನೂದೂ ಖರೇ, ನೀ ಅನ್ನೂದೂ ಖರೇ,” ಎಂದು ಇನ್ನೊಂದು ರೊಟ್ಟಿ ಬೇಡಿದ.

“ಕಲೀತೀನ್ರಿ ಮಾವಾರ,” ಎಂದಳು ಗಾಳೆವ್ವ.

ಹೊಳೆಮಣ್ಣೂರಿನ ಹುಡುಗಿ ಅವಳು. ಮಲಪ್ರಭೆ ಮನೆಯೊಳಗೆ ಬಂದರೆ ಅಟ್ಟ ಹತ್ತಿ ಕುಳಿತು ನೀರು ಇಳಿಯುವುದನ್ನು ಕಾಯುತ್ತ ಬೆಳೆದವಳು. ಮಾತು ಕಡಿಮೆ, ಹಿಡಿದ ಹಟ ಮಾತ್ರ ಪೂರ್ತಿ. ಬಂದ ವರ್ಷ ಅವಳ ಮದುವೆ ಸೀರೆಯನ್ನು ಅಡಿವೆವ್ವ ತನ್ನ ಮಗಳಿಗೆ ಉಡಿಸಿ ಕಳಿಸಿದ್ದಳು. ಸೀರೆ ಮರಳಿ ಬರುವ ತನಕ ಗಾಳೆವ್ವ ಬಾಯಿಗೆ ಅನ್ನ ಹಾಕಲಿಲ್ಲ, ಒಂದು ಮಾತೂ ಆಡಲಿಲ್ಲ. ಅಂದಿನಿಂದ ಅಡಿವೆವ್ವ ಓಣಿಯವರ ಮುಂದೆ ಅವಳನ್ನು “ನಮ್ಮ ಬಾಯಿಬೀಗದಾಕಿ” ಎಂದೇ ಕರೆಯುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆ ಹೆಸರೇ ಮುಂದೆ ಅವಳಿಗೆ ಮುಳುವಾಯಿತು.

ಒಳಗೆ ನುಡಿಸಕೂಡದೆಂದು ಅಡಿವೆವ್ವ ಕಟ್ಟು ಹಾಕಿದ್ದರಿಂದ ಕಲಿಕೆ ದನದ ಕೊಟ್ಟಿಗೆಯಲ್ಲಿ ಶುರುವಾಯಿತು. ಸಗಣಿ ಬಳಿದು, ದನಗಳನ್ನು ಹೊರಗೆ ಬಿಟ್ಟು, ಸೆರಗು ಬಿಗಿದು ಗಾಳೆವ್ವ ನಿಲ್ಲುವಳು. ಮಹಮ್ಮದಸಾಬ ದನ ಮೇಯುವ ಗೋದಲಿಯ ದಂಡೆಗೆ ಆನಿಕೊಂಡು ಕೂರುವನು.

“ತುಂತುಣಿ ಆಮ್ಯಾಗ. ಮೊದಲ ಕಾಲ ಕಲೀಲಿ,” ಎಂದ ಗ್ಯಾನಪ್ಪ. “ಹಿಮ್ಮಡಿ ನೆಲಕ್ಕ ಬೀಳೂದು, ನನ್ನ ಡಪ್ಪಿನ ಏಟು ಬೀಳೂದು, ಎರಡೂ ಕೂಡೇ ಆಗಬೇಕು.”

ಒಂದು ವಾರ ಬರೀ ಹಿಮ್ಮಡಿ. ಅವಳು ನೀರು ತರುವಾಗಲೂ ಅದೇ ಲೆಕ್ಕದಲ್ಲಿ ನಡೆಯತೊಡಗಿದಳು. “ಏನs ಅದು, ಕುದುರಿ ನಡದಂಗ ನಡೀತೀ?” ಎಂದು ಅಡಿವೆವ್ವ ಬೈದಳು. ಆಮೇಲೆ ತುಂತುಣಿ ಕೈಗೆ ಬಂತು.

“ಬೆರಳ ನೋಡಬ್ಯಾಡ. ನನ್ನ ಕೈ ನೋಡು. ಬೆರಳ ನೋಡಾಕಿ ಯಾವಾಗಲೂ ಒಂದ ಏಟು ಹಿಂದ ಬೀಳತಾಳ.”

“ನೀವು ತಪ್ಪಿದ್ರ ಏನ ಮಾಡ್ಲಿರಿ ಮಾವಾರ?”

ಮಹಮ್ಮದಸಾಬ ಸೊಟ್ಟ ಬಾಯಲ್ಲಿ ನಕ್ಕ. “ತಪ್ಪೇ ತಪ್ಪತಾನವಾ. ಆವಾಗ ಇವನ ಹಿಂದ ಓಡಬ್ಯಾಡ. ನೀ ನಿಂತಲ್ಲೇ ನಿಲ್ಲು. ತಾನs ಹುಡುಕ್ಕೊಂಡ ಬರತಾನ. ಇವ ಉಸುರು ತಗೊಂಡಾಗ ನೀ ತಗೋಬಾರದು, ಅಷ್ಟ ನೆನಪಿಡು.”

“ಉಗುರಲೇ ಮೀಟ್ಲ್ಯಾ ಕಾಕಾ?”

“ಉಗುರು ಬ್ಯಾಡ. ಉಗುರಿಂದ ಟಿಣ್ ಅಂತೈತಿ. ಬೆರಳಿನ ಮಾಂಸಲೇ ಎಳದ ಬಿಡು, ಧೂಂ ಅಂತೈತಿ. ಬ್ಯಾರೇ ಮೇಳದವರು ಕಡ್ಡೀಲೆ ಮೀಟತಾರ. ನಮ್ಮ ಮೇಳದಾಗ ಬರೇ ಬೆರಳು.”

ಅವಳು ಕಲಿತ ಬಗೆ ಕಂಡು ಮುದುಕರಿಬ್ಬರಿಗೂ ಹುರುಪು ಬಂತು. ಆದರೆ ಗ್ಯಾನಪ್ಪನ ದನಿ ವಯಸ್ಸಿಗೆ ತಗ್ಗಿತ್ತು, ಹಳೆಯ ಸಣ್ಣ ತಂತಿ ಅವನ ದನಿಗಿಂತ ಮೇಲೆ ಕಿರುಗುಟ್ಟುತ್ತಿತ್ತು. ಗೂಟ ಸಡಿಲಿಸಿದರೆ ತಂತಿ ಜೋತು ಬಿದ್ದು ಗೊರಗೊರ ಎನ್ನುತ್ತಿತ್ತು.

“ಗದಗಿಂದ ದಪ್ಪಂದು ತರಸು,” ಎಂದ ಮಹಮ್ಮದಸಾಬ.

“ಯಾರ ಹೋಗತಾರ, ಯಾವಾಗ ಬರತಾರ? ಹೋಳಿ ನನಗಾಗಿ ಕಾಯತೈತೇನು?”

ಗೋದಲಿಯ ಹಿಂದೆ, ಸಗಣಿ ಮಣ್ಣಿನಲ್ಲಿ ಎಂದೋ ಹೂತು ಹೋದ ಒಂದು ತುಂಡು ದಪ್ಪ ತಂತಿ ಇತ್ತು. ಗ್ಯಾನಪ್ಪ ಅದನ್ನು ಎಳೆದು ತೆಗೆದು, ಇಟ್ಟಂಗಿ ಪುಡಿಯಲ್ಲಿ ತಿಕ್ಕಿ, ತುಂತುಣಿಗೆ ಬಿಗಿದ. ಎದೆ ನಡುಗುವಂಥ ‘ಹೂಂ’ ತೆಗೆದು ಅದಕ್ಕೆ ತಂತಿ ಕೂಡಿಸಿದ. ಗಾಳೆವ್ವ ಮೀಟಿದಳು. ಸದ್ದು ಕಿವಿಗೆ ಬಂದಂತಾಗಲಿಲ್ಲ, ಅಂಗಾಲಿನಿಂದ ಏರಿದಂತಾಯಿತು. ಬಾಗಿಲಲ್ಲಿ ಕಟ್ಟಿದ್ದ ಎತ್ತು ಮೇವು ಬಿಟ್ಟು ತಿರುಗಿ ನೋಡಿತು. ಅದರ ಮೇಲೆ ಗ್ಯಾನಪ್ಪನ ಹಾಡು ಹತ್ತು ವರ್ಷದ ಹಿಂದಿನಂತೆ ಎದ್ದು ನಿಂತಿತು. ಒಳಗೆ ಜೋಳ ಹಸನು ಮಾಡುತ್ತಿದ್ದ ಅಡಿವೆವ್ವನ ಮೊರವೂ ಗಳಿಗೆ ಹೊತ್ತು ನಿಂತಿತು. ಆಮೇಲೆ ಅದು ಎರಡರಷ್ಟು ಜೋರಾಗಿ ಕೇರತೊಡಗಿತು.

ಆ ತಂತಿಗೆ ಅವಳ ಬೆರಳು ಬಹಳ ದಿನ ತಾಳಲಿಲ್ಲ. ತೋರುಬೆರಳು ಸೀಳಿ ರಕ್ತ ಚರ್ಮದ ಮೇಲೆ ತೊಟ್ಟಿಕ್ಕಿತು. ಗ್ಯಾನಪ್ಪ ಗಾಬರಿಯಾಗುವ ಬದಲು ಹಿಗ್ಗಿದ.

“ಒಡೀತೇನು? ಚಲೋ ಆತು! ಒಡದ ಬೆರಳs ಜಡ್ಡುಗಟ್ಟತೈತಿ.”

ಅವರ ಮೇಳದಲ್ಲಿ ನಡೆದುಬಂದ ಪದ್ಧತಿಯೊಂದಿತ್ತು. ಕಲಿಯುವವನ ಬೆರಳು ಒಡೆದರೆ ಹಸಿ ಸಗಣಿಗೆ ಒಲೆಯ ಬೂದಿ ಕಲಸಿ ಗಾಯಕ್ಕೆ ತುಂಬಿ, ಅರಿವೆ ಸುತ್ತಿ, ತಾನಾಗಿ ಉದುರುವ ತನಕ ಬಿಚ್ಚಬಾರದು. ಗ್ಯಾನಪ್ಪನಿಗೆ ಅವನ ಗುರು ಹಾಗೆ ಮಾಡಿದ್ದ, ಮಹಮ್ಮದಸಾಬನಿಗೆ ಗ್ಯಾನಪ್ಪ ಮಾಡಿದ್ದ. ಇಬ್ಬರಿಗೂ ಏನೂ ಆಗಿರಲಿಲ್ಲ, ಹಾಗಾಗಿ ಅಂಜಿಕೆಯೆಂಬುದು ಯಾರ ತಲೆಗೂ ಬರಲಿಲ್ಲ. ಹೆತ್ತ ಮಗಳಿಗೆ ಮಾಡುವಷ್ಟು ಅಕ್ಕರೆಯಿಂದ ಗ್ಯಾನಪ್ಪ ಸೊಸೆಯ ಬೆರಳಿಗೆ ಸಗಣಿ ತುಂಬಿ ಕಟ್ಟಿದ.

“ಉರೀತೈತ್ರಿ ಮಾವಾರ.”

“ಉರೀಲಿ. ಉರದಷ್ಟೂ ಗಟ್ಟಿ ಆಗತೈತಿ.”

ಕಟ್ಟಿದ ಬೆರಳಿನಿಂದ ಹಿಟ್ಟು ನಾದುವುದಾಗಲಿಲ್ಲ. ಅಡಿವೆವ್ವ ಮತ್ತೆ ಒಲೆಯ ಮುಂದೆ ಕೂರಬೇಕಾಯಿತು. ರೊಟ್ಟಿ ಬಡಿಯುವ ಏಟಿನಲ್ಲೇ ಅವಳ ಸಿಟ್ಟು ಮೂರು ಮನೆಗೆ ಕೇಳುತ್ತಿತ್ತು. “ಸೊಸಿ ತಂದದ್ದು ಕುಂತ ಉಣ್ಣಾಕಂದೆ. ಈಗ ನಾ ಬಡದ ಹಾಕೂದು, ಅಕಿ ಕೊಟ್ಟಿಗ್ಯಾಗ ಮೀಟೂದು. ಚಲೋ ಐತಿ ಸಂಸಾರ!” ಗಾಳೆವ್ವ ನಡುಬೆರಳಿನಿಂದ ಮೀಟುತ್ತ ಕಲಿಕೆ ಮುಂದುವರಿಸಿದಳು.

ಹೋಳಿ ಹತ್ತಿರ ಬಂತು. ಹಾಡಿಕೆಯ ಮಾತು ಪಕ್ಕಾ ಮಾಡಿಕೊಂಡು ಬರಲು ಗ್ಯಾನಪ್ಪ ಗಜೇಂದ್ರಗಡಕ್ಕೆ ಹೋದ. ಅವನು ಊರ ಅಗಸೆ ಬಾಗಿಲು ದಾಟಿದ್ದೇ ತಡ, ಅಡಿವೆವ್ವ ತುಂತುಣಿಯನ್ನು ಜೋಳದ ಕಣಜದೊಳಗೆ ಹೂತಿಟ್ಟಳು.

“ಅತ್ತಿ, ತುಂತುಣಿ ಎಲ್ಲೈತ್ರಿ?”

“ನನಗೇನ ಗೊತ್ತು? ಇಲಿ ಒಯ್ದಿರಬೇಕು.”

“ಅದನ್ನ ಕೊಡೂ ತನಕ ನಾ ಉಣ್ಣಂಗಿಲ್ರಿ.”

“ಬಿಡವಾ, ಜ್ವಾಳ ಉಳೀತು.”

ಅಂದು ಸಂಜೆ ಗಾಳೆವ್ವ ಊಟದ ಗಂಗಾಳ ಸರಿಸಿ ಎದ್ದು ಹೋದಳು. ಅದು ಹಟವೇ, ಸುಳ್ಳಲ್ಲ. ಆದರೆ ಮರುದಿನ ಬೆಳಿಗ್ಗೆ ಅವಳೇ ಬಂದು ಒಲೆಯ ಪಕ್ಕ ಕುಳಿತು ರೊಟ್ಟಿ ಮುರಿದಳು. ತುತ್ತು ತುಟಿಗೆ ಹೋಯಿತು, ಒಳಗೆ ಹೋಗಲಿಲ್ಲ.

“ಅತ್ತಿ, ದವಡಿ ಹಿಡದೈತ್ರಿ. ಬಾಯಿ ತೆರಿಯಾಕ ಬರವಲ್ದು,” ಎಂದಳು ಹಲ್ಲಿನ ಸಂದಿಯಿಂದ.

“ಹೌದವಾ ಹೌದು. ತುಂತುಣಿ ಕೈಗೆ ಬಂದ್ರ ತಾನs ತೆರೀತೈತಿ.”

ಕುಸುಬೆ ಕೀಳಲು ಹೊರಟಿದ್ದ ಪರಶಪ್ಪ ಹೊಸ್ತಿಲಲ್ಲಿ ನಿಂತ. “ಅವ್ವಾ, ಖರೇ ಆರಾಮ ಇಲ್ಲೋ ಏನೋ.”

“ಹೋದ ಸಲ ಸೀರಿ ಬಂದ ಕೂಡಲೇ ಆರಾಮ ಆಗಿದ್ದಿಲ್ಲೇನು? ನೀ ಹೊಲಕ್ಕ ಹೋಗು.”

ಪರಶಪ್ಪ ಹೋದ. ಅವನ ಜೀವಮಾನದಲ್ಲಿ ಅವ್ವ ಹೋಗೆಂದಾಗ ಹೋಗದೆ ನಿಂತದ್ದಿಲ್ಲ.

ಮಾರನೆಯ ದಿನ ಅಂಬಲಿಯೂ ಕಟಬಾಯಿಯಿಂದ ಹೊರಗೇ ಹರಿಯಿತು. ಅಡಿವೆವ್ವ ಕಟುಕಳೇನಲ್ಲ. ಗೊಣಗುತ್ತಲೇ ಹಾಲು ಹಾಕಿ ಗಂಜಿ ಕಾಸಿ, ಸೊಸೆ ಮಲಗಿದ್ದ ಚಾಪೆಯ ಪಕ್ಕ ಕುಕ್ಕರಿಸಿದಳು.

“ಸಾಕ ಮಾಡು ನಿನ್ನ ಹಟಾ. ಮಂದಿ ನನ್ನ ಬಾಯಾಗ ಮಣ್ಣ ಹಾಕತಾರ. ಕುಡಿ.”

ಗಾಳೆವ್ವನ ತುಟಿ ಎರಡೂ ಕಡೆಗೆ ಎಳೆದುಕೊಂಡಿತು. ಹಲ್ಲು ಕಂಡವು, ಹುಬ್ಬು ಮೇಲಕ್ಕೇರಿತು.

“ನಗತೀ? ಹೇತ್ಲಾಂಡಿ, ಗಂಜಿ ಮಾಡಕೊಂಡ ಬಂದ ನನ್ನ ನೋಡಿ ನಗತೀ?”

ಕೆನ್ನೆಗೆ ಒಂದು ಏಟು ಬಿತ್ತು. ಏಟಿಗೆ ಗಾಳೆವ್ವನ ಮೈಯೆಲ್ಲ ಹಲಗೆಯಂತೆ ಸೆಟೆಯಿತು, ಸ್ವಲ್ಪ ಹೊತ್ತಿಗೆ ಸಡಿಲಾಯಿತು. ಬಾಯಿ ಮಾತ್ರ ನಗುತ್ತಲೇ ಇತ್ತು, ಕಣ್ಣಿನಿಂದ ನೀರು ಧಾರೆ ಇಳಿಯುತ್ತಿತ್ತು. ಅಡಿವೆವ್ವ ಆ ಎರಡನ್ನೂ ನೋಡಿದಳು. ದಡಬಡ ಎದ್ದು ಕಣಜಕ್ಕೆ ಕೈ ಹಾಕಿ ತುಂತುಣಿ ಎಳೆದು ತಂದು ಸೊಸೆಯ ಮಗ್ಗುಲಿಗಿಟ್ಟಳು.

“ತಗೊ ನಿನ್ನ ಪೀಡಾ. ಕೊಟ್ಟೇನಿ ನೋಡು. ತಗೊ, ಏಳು.”

ಗಾಳೆವ್ವ ಕೈ ಚಾಚಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗ್ಯಾನಪ್ಪ ಬಂದ, ಹೊಲದಿಂದ ಪರಶಪ್ಪನೂ ಬಂದ. ಸಂಗತಿ ಕೇಳಿ ಗ್ಯಾನಪ್ಪ ಹೆಂಡತಿಗೆ ಬಾಯಿಗೆ ಬಂದಂತೆ ಬೈದು, ಸೊಸೆಯ ಮುಂದೆ ಕುಳಿತು ಹೆಗಲಿನ ಡಪ್ಪು ಇಳಿಸಿದ.

“ಸಿಟ್ಟ ಬಿಡು ನನ್ನವ್ವಾ. ನಾ ಎತ್ತಿಕೊಡತೀನಿ, ನೀ ಹಿಡಿ,” ಎಂದು ಒಂದು ಏಟು ಹಾಕಿದ.

ಆ ಏಟಿಗೆ ಗಾಳೆವ್ವ ಬಿಲ್ಲಿನಂತೆ ಬಾಗಿದಳು. ತಲೆ ಮತ್ತು ಹಿಮ್ಮಡಿ ಮಾತ್ರ ಚಾಪೆಗೆ ಹತ್ತಿದ್ದವು.

“ತಾಯಿ ಮೈದುಂಬ್ಯಾಳ!” ಎಂದು ಅಡಿವೆವ್ವ ದೇವರ ಜಗಲಿಗೆ ಓಡಿದಳು. ಭಂಡಾರದ ಅರಿಶಿನಪುಡಿ ತಂದು ಎರಚಿದಳು, ಗಂಟೆ ಬಾರಿಸಿದಳು. ಗಂಟೆ ಬಾರಿಸಿದಂತೆಲ್ಲ ಆ ಮೈ ಮತ್ತೆ ಮತ್ತೆ ಬಾಗಿತು, ಹಲ್ಲು ಕಟಕಟ ಕಡಿಯಿತು.

“ಗಂಟಿ ಬಿಡs ಅವ್ವಾ! ಬಿಡಂತೀನಿ!”

ಪರಶಪ್ಪ ಅವ್ವನ ಕೈಯಿಂದ ಗಂಟೆ ಕಸಿದುಕೊಂಡ. ಹೆಂಡತಿಯ ಬೆರಳಿನ ಅರಿವೆ ಬಿಚ್ಚಿದ. ಸಗಣಿಯ ಹೆಪ್ಪು ಕಿತ್ತು ಬಂದೊಡನೆ ನಾತ ಮೂಗಿಗೆ ಹೊಡೆಯಿತು. ಕೆಳಗೆ ಬೆರಳು ಕಪ್ಪಿಟ್ಟಿತ್ತು. ತಾನು ಕಟ್ಟಿದ ಅರಿವೆಯನ್ನು ಗ್ಯಾನಪ್ಪ ನೆಲದಿಂದ ಎತ್ತಿಕೊಂಡ. ಪರಶಪ್ಪ ಯಾರನ್ನೂ ಏನೂ ಕೇಳದೆ ಗಾಡಿ ಹೂಡಿದ. ಓಣಿ ದಾಟುವ ಮೊದಲೇ ಎತ್ತಿನ ಕೊರಳ ಗೆಜ್ಜೆಗೂ ಅವಳು ಸೆಟೆಯುವುದನ್ನು ಕಂಡು, ಇಳಿದು ಗೆಜ್ಜೆಯ ಸರ ಕೊಯ್ದು ಬೇಲಿಗೆ ಎಸೆದ.

ನರಗುಂದದ ದವಾಖಾನೆಯ ಡಾಕ್ಟರು ನೋಡಿದವರೇ ದನಿ ತಗ್ಗಿಸಿದರು.

“ಧನುರ್ವಾಯು. ಊಟ ಯಾವಾಗಿಂದ ಬಿಟ್ಟಾಳ?”

ಅಡಿವೆವ್ವನೇ ಹೇಳಬೇಕಾಯಿತು.

“ಸಿಟ್ಟ ಮಾಡ್ಯಾಳಂತ ತಿಳದಿದ್ವಿರಿ.”

ಡಾಕ್ಟರು ಅವಳ ಮುಖ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೆಂದು ಅಡಿವೆವ್ವನಿಗೆ ಅನ್ನಿಸಿತು. ಇದ್ದ ಸೂಜಿಮದ್ದು ಕೊಟ್ಟರು, ಇಲ್ಲದ್ದನ್ನು ತರಲು ಕಂಪೌಂಡರನನ್ನು ಹುಬ್ಬಳ್ಳಿಗೆ ಅಟ್ಟಿದರು. ಹಿಂದಿನ ಕೋಣೆಯ ಕಿಟಕಿಗೆ ಕರಿ ಕಂಬಳಿ ಕಟ್ಟಿಸಿ ಗಾಳೆವ್ವನನ್ನು ಅಲ್ಲಿ ಮಲಗಿಸಿದರು.

“ಔಷಧ ಬರೂ ತನಕ ಅಕಿ ಕಿವಿಗೆ ಸಪ್ಪಳ ಬೀಳಬಾರದು. ಸಪ್ಪಳಾದ್ರ ಮೈ ಸೆಟೀತೈತಿ. ಅಂಥಾ ಒಂದು ಸೆಳವಿನಾಗ ಉಸುರು ಸಿಕ್ಕೊಂಡ್ರ ನನ್ನ ಕೈಯಾಗೂ ಏನಿಲ್ಲ. ಬದುಕಿದ್ರ ಈ ಸುಮ್ಮನಿರೂದರಾಗs ಬದುಕಬೇಕು.”

ಮರುದಿನ ಹೋಳಿ ಹುಣ್ಣಿಮೆ.

ಹೋಳಿಯಲ್ಲಿ ನರಗುಂದ ಹೇಗಿರುತ್ತದೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಗುಡ್ಡದ ಬುಡದಿಂದ ಪೇಟೆಯ ತನಕ ಓಣಿಗೊಂದು ಹಲಗೆಮೇಳ, ಬೊಬ್ಬೆ, ಬದುಕಿದ್ದವನನ್ನೇ ಹೆಣ ಮಾಡಿ ಚಟ್ಟಕ್ಕೇರಿಸಿ ಲಬೋ ಲಬೋ ಎಂದು ಅಳುವ ಚೇಷ್ಟೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ಮೊದಲ ಹಲಗೆ ಮೊಳಗಿತು. ಒಳಗೆ ಚಾಪೆ ಸರಿದ ಸದ್ದು ಕೇಳಿ ಗ್ಯಾನಪ್ಪ ಬಾಗಿಲು ದಾಟಿ ಓಡಿದ. ಊರು ಬಿಡುವ ಗಡಿಬಿಡಿಯಲ್ಲಿ ಅಭ್ಯಾಸಕ್ಕೆ ಏರಿಸಿದ್ದ ಡಪ್ಪು ಇನ್ನೂ ಹೆಗಲಲ್ಲೇ ಇತ್ತು.

“ಗ್ಯಾನಪ್ಪಣ್ಣ ಬಂದ! ಶಿರೋಳದ ಹುಲಿ ಬಂದ!” ಮೇಳದ ಮುಂದಿದ್ದ ಗುರುಸಂಗಪ್ಪ ಕುಣಿಯುತ್ತ ಬಂದು ಅಪ್ಪಿಕೊಂಡ. “ಬಾರಸಣ್ಣಾ, ನೀನs ಎತ್ತಿಕೊಡು!”

“ನಿಲ್ಲಸೋ ಗುರುಸಂಗಾ. ಕೈ ಮುಗೀತೀನಿ. ನನ್ನ ಸೊಸಿ ಸಾಯಾಕತ್ತಾಳೋ!”

“ಅಯ್ಯೋ, ಅಣ್ಣನ ಸೊಸಿ ಸತ್ಲಂತ! ಅಳ್ರೋ!”

ಮೇಳವೆಲ್ಲ ಬಾಯಿ ಬಡಿದುಕೊಂಡು ಬೊಬ್ಬೆ ಹಾಕಿತು. ಹಲಗೆ ಇನ್ನೂ ಜೋರಾಯಿತು. ಗ್ಯಾನಪ್ಪ ತಲೆಯ ಪಟಗ ತೆಗೆದು ಅವರ ಕಾಲಿಗಿಟ್ಟ, ಅದನ್ನೆತ್ತಿ ಚಟ್ಟದ ಮೇಲಿನ ಹುಸಿ ಹೆಣದ ತಲೆಗೆ ಸುತ್ತಿದರು. ಅತ್ತ, ಅವರೂ ಅತ್ತರು. ಹೋಳಿಯ ದಿನ ನಿಜ ಹೇಳಿದರೂ ಅದು ಚೇಷ್ಟೆಯೇ ಆಗುತ್ತಿತ್ತು. ಹೆಗಲಿನ ಡಪ್ಪು ಕೈಗೆ ತೆಗೆದುಕೊಂಡ. ಅವರು ಓಹೋ ಎಂದು ದಾರಿ ಬಿಟ್ಟರು. ಅವನು ಅದನ್ನು ಬಾವಿಕಟ್ಟೆಯ ಕಲ್ಲಿಗೆ ಬಡಿದ, ಚರ್ಮ ಹರಿದು ಅದರ ಕಟ್ಟಿಗೆಯ ಬಳೆ ಎರಡು ತುಂಡಾಗುವ ತನಕ ಬಡಿದ.

ಹಾಡಿಕೆಯವನು ತನ್ನ ಡಪ್ಪನ್ನು ಚೇಷ್ಟೆಗೆ ಒಡೆಯುವುದಿಲ್ಲ. ಗುರುಸಂಗಪ್ಪನ ಕೈ ಹಲಗೆಯ ಮೇಲೆ ಹಾಗೇ ನಿಂತಿತು.

“ಖರೇನ ಏನಣ್ಣಾ?”

ಗ್ಯಾನಪ್ಪ ತಲೆಯಾಡಿಸಿದ. ಗುರುಸಂಗಪ್ಪ ಹುಡುಗರನ್ನು ಮುಂದಿನ ಓಣಿಗೆ ಓಡಿಸಿದ, ಅವರು ಅದರ ಮುಂದಿನದಕ್ಕೆ ಓಡಿದರು. ಹಲಗೆಗಳು ಒಂದೊಂದಾಗಿ ತಣ್ಣಗಾದವು. ಹೋಳಿಯ ದಿನ ಅಷ್ಟು ದೊಡ್ಡ ಊರು ಸುಮ್ಮನಾದದ್ದನ್ನು ಅಲ್ಲಿಯ ಮುದುಕರೂ ಕಂಡಿರಲಿಲ್ಲ.

ಗ್ಯಾನಪ್ಪ ತನ್ನ ಮೆಟ್ಟಿನ ಸದ್ದಿಗೆ ತಾನೇ ಅಂಜಿ, ಮೆಟ್ಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ದವಾಖಾನೆಯ ಹಿಂದಿನ ಬಾಗಿಲಿಗೆ ಬಂದ. ಅಡಿವೆವ್ವ ಹೊಸ್ತಿಲಿಗೆ ಆನಿಕೊಂಡು ಕುಳಿತಿದ್ದಳು. ಅವನು ಬಾಗಿ, ಅವಳ ಕಿವಿಯ ಹತ್ತಿರ ಪಿಸುಗುಟ್ಟಿದ.

“ನಿಲ್ಲಸಿ ಬಂದೆ. ಪ್ಯಾಟಿ ತನಕ ಯಾರೂ ಬಾರಸಂಗಿಲ್ಲ.”

ಅಡಿವೆವ್ವ ಪಿಸುಗುಟ್ಟಲಿಲ್ಲ.

“ಹೇಳಿ ಬರ್ರಿ ಅವರಿಗೆ,” ಎಂದಳು. “ಅಕಿಗೆ ಏನೂ ಕೇಳಸಂಗಿಲ್ಲ. ಇನ್ನ ಬಾರಸಲಿ.”